ಚಿತ್ರದ ಬೆನ್ನಿನ ಬರಹ

ಹಳೆಯ ಫೋಟೋ ಕೈಗೆ ಬಂದರೆ ಬಲ್ಲವರು ಅದನ್ನು ಒಮ್ಮೆ ಮಗುಚಿ ನೋಡುವುದು ವಾಡಿಕೆ. ಮುಂಭಾಗದಲ್ಲಿ ಪೇಟ ಸುತ್ತಿದ ಹಿರಿಯರೊಬ್ಬರು, ಕುರ್ಚಿಯ ತೋಳಿನ ಮೇಲೆ ಕೈಯಿರಿಸಿ ನಿಂತ ಬಾಲಕ. ಹಿಂಭಾಗದಲ್ಲಿ ಸ್ಟುಡಿಯೋದ ಮೊಹರು, ಪೆನ್ಸಿಲಿನಲ್ಲಿ ಗೀಚಿದ ತಾರೀಖು, ಯಾರದೋ ಮದುವೆಯ ಉಲ್ಲೇಖ. ಚಿತ್ರ ತೋರುವುದಕ್ಕೆ ಸಾಕ್ಷಿ ನುಡಿಯುವುದು ಆ ಬೆನ್ನಿನ ಬರಹ. ಇಂದಿನ ಡಿಜಿಟಲ್ ಚಿತ್ರಕ್ಕೆ ಕಾಗದವಿಲ್ಲ. ಆದಕಾರಣ ಬೆನ್ನೂ ಇಲ್ಲ. ಆದರೂ ಬೆನ್ನಿನ ಬರಹ ಉಳಿದುಕೊಂಡಿದೆ, ಹಿಂದಿಗಿಂತ ವಿಸ್ತಾರವಾಗಿಯೇ ಬೆಳೆದಿದೆ. ಆ ಬರಹದಲ್ಲಿ ಒಂದು ಸಣ್ಣ ಬಾಬ್ತು ಲೆನ್ಸಿನದು: ಈ ಚಿತ್ರವನ್ನು ಯಾವ ಲೆನ್ಸಿನಿಂದ ತೆಗೆಯಲಾಯಿತು ಎಂಬ ವಿವರ. ಅದನ್ನು ನಾವು ಕೈಯಾರೆ ತಿದ್ದಬಹುದೆ, ತಿದ್ದುವುದಾದರೆ ಹೇಗೆ ತಿದ್ದಬೇಕು ಎಂಬುದನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ. ಕನ್ನಡ ಪಾಠ ಹೇಳಿ ನಿವೃತ್ತನಾದವನಿಗೆ ಲೆನ್ಸಿನ ಗೊಡವೆ ಏಕೆಂದು ಕೇಳುಗರಿಗೆ ಅನಿಸಬಹುದು. ಮಾತು ಮುಂದುವರಿದಂತೆ ಅದು ತಾನಾಗಿ ತಿಳಿದೀತು.

ಕ್ಯಾಮೆರಾದ ಗುಂಡಿಯನ್ನು ಒತ್ತಿದೊಡನೆ ಬೆಳಕಿನ ಚಿತ್ರ ಫೈಲಿನೊಳಗೆ ಸೇರುತ್ತದೆ. ಅದರೊಡನೆ, ಅದೇ ಫೈಲಿನ ಇನ್ನೊಂದು ಮೂಲೆಯಲ್ಲಿ, ಒಂದು ಪಟ್ಟಿಯೂ ಸೇರುತ್ತದೆ. ಕ್ಯಾಮೆರಾದ ಹೆಸರು, ದಿನಾಂಕ, ಗಂಟೆ ನಿಮಿಷ, ಬೆಳಕು ಒಳಬಿಟ್ಟ ಅವಧಿ, ರಂಧ್ರದ ಅಳತೆ, ಲೆನ್ಸಿನ ಫೋಕಲ್ ಲೆಂತ್ ಅಂದರೆ ಸಂಗಮ ದೂರ, ಹೀಗೆ ಒಂದೊಂದಕ್ಕೂ ಒಂದೊಂದು ಮನೆ. ಇಂಥ ವಿವರಗಳಿಗೆ ಮೆಟಾಡೇಟಾ ಎಂದು ಹೆಸರು. ಈ ಪಟ್ಟಿಯ ಕ್ರಮಕ್ಕೆ ಎಕ್ಸಿಫ್ ಎನ್ನುತ್ತಾರೆ. ಜಪಾನಿನ ತಯಾರಕರ ಸಂಘ 1995ರಲ್ಲಿ ಇದರ ಮೊದಲ ಕ್ರಮವನ್ನು ಗೊತ್ತುಮಾಡಿತು. ಆಶ್ಚರ್ಯವೆಂದರೆ, ಲೆನ್ಸಿನ ಹೆಸರಿಗೆ ಆ ಪಟ್ಟಿಯಲ್ಲಿ ಸ್ವಂತ ಮನೆ ದೊರೆತದ್ದು 2010ರಲ್ಲಿ ಹೊರಬಂದ 2.3ನೆಯ ಆವೃತ್ತಿಯಲ್ಲಿ. ಅಲ್ಲಿಯವರೆಗೆ ಸಂಗಮ ದೂರ ಮಾತ್ರ ಎಲ್ಲರೂ ಓದಬಹುದಾದ ಜಾಗದಲ್ಲಿತ್ತು. ಲೆನ್ಸಿನ ಗುರುತನ್ನು ಒಂದೊಂದು ಕಂಪನಿಯೂ ತನ್ನ ಖಾಸಗಿ ಟಿಪ್ಪಣಿಯಲ್ಲಿ, ತನಗಷ್ಟೇ ತಿಳಿದ ಸಂಕೇತದಲ್ಲಿ ಬರೆದಿಡುತ್ತಿತ್ತು.

ಲೆನ್ಸಿನ ಹೆಸರು ಕ್ಯಾಮೆರಾಕ್ಕೆ ತಿಳಿಯುವುದು ಹೇಗೆ? ಲೆನ್ಸೇ ಹೇಳಬೇಕು. ಕ್ಯಾನನ್ ಕಂಪನಿ 1987ರಲ್ಲಿ ತಂದ ಇ.ಎಫ್. ಜೋಡಣೆಯಲ್ಲಿ ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಯಾಂತ್ರಿಕವಾದ ಸನ್ನೆ ಕೊಂಡಿಗಳಿರಲಿಲ್ಲ. ಮಾತುಕತೆಯೆಲ್ಲ ವಿದ್ಯುತ್ ಸಂಪರ್ಕದ ಮೂಲಕ. ಇಂದು ಸಾಮಾನ್ಯವಾಗಿ ಎಲ್ಲ ಹೊಸ ಲೆನ್ಸುಗಳ ಬುಡದಲ್ಲೂ ಚಿನ್ನದ ಬಣ್ಣದ ಪುಟ್ಟ ತಗಡುಗಳ ಸಾಲೊಂದು ಕಾಣುತ್ತದೆ. ಲೆನ್ಸು ತನ್ನ ಕುಲಗೋತ್ರವನ್ನು ಅರುಹುವುದು ಆ ಬಾಯಿಂದ.

ಆದರೆ ಅದಕ್ಕೂ ಹಿಂದಿನ ಲೆನ್ಸುಗಳು ಮೂಕ. ನನ್ನ ಬಳಿ ಸೋವಿಯತ್ ಒಕ್ಕೂಟದಲ್ಲಿ ತಯಾರಾದ ಹೀಲಿಯಾಸ್ ಎಂಬ ಲೆನ್ಸೊಂದಿದೆ. ಸಂಗಮ ದೂರ 58 ಮಿಲಿಮೀಟರ್. ಹಿತ್ತಾಳೆ ತಂಬಿಗೆಯಂತೆ ಗಟ್ಟಿಮುಟ್ಟಾದ ವಸ್ತು. ಮತ್ತೊಂದು 35 ಮಿಲಿಮೀಟರಿನದು, ಅದೂ ಹಳೆಯ ಕಾಲದ್ದೇ. ಇವನ್ನು ಒಂದು ಬಳೆಯ ಸಹಾಯದಿಂದ ಇಂದಿನ ಕ್ಯಾಮೆರಾಕ್ಕೆ ಜೋಡಿಸಿ, ಹಲವು ವರ್ಷಗಳಿಂದ ಮಲೆನಾಡಿನ ಊರುಗಳಲ್ಲಿ ವೀರಗಲ್ಲು, ಮಾಸ್ತಿಕಲ್ಲುಗಳ ಚಿತ್ರ ತೆಗೆಯುತ್ತ ಬಂದಿದ್ದೇನೆ. ಚಿತ್ರ ಸೊಗಸಾಗಿಯೇ ಬರುತ್ತದೆ. ಬೆನ್ನಿನ ಬರಹದಲ್ಲಿ ಮಾತ್ರ ಲೆನ್ಸಿನ ಮನೆ ಖಾಲಿ, ಸಂಗಮ ದೂರದ ಮನೆಯಲ್ಲಿ ಒಂದು ಸೊನ್ನೆ. ಯಂತ್ರ ತನಗೆ ತಿಳಿಯದುದನ್ನು ತಿಳಿಯದೆಂದೇ ಬರೆದಿದೆ, ಅದರಲ್ಲಿ ದೋಷವಿಲ್ಲ. ತಿಳಿದಿರುವವನು ನಾನು. ಆ ಮನೆಯನ್ನು ತುಂಬಬೇಕಾದವನೂ ನಾನೇ.

ತುಂಬುವ ಉಪಾಯವೂ ಉಂಟು. ಕೆನಡಾ ದೇಶದ ಫಿಲ್ ಹಾರ್ವೆ ಎಂಬವರು 2003ರಲ್ಲಿ ಎಕ್ಸಿಫ್‌ಟೂಲ್ ಎಂಬ ತಂತ್ರಾಂಶವನ್ನು ರೂಪಿಸಿ ಲೋಕಕ್ಕೆ ಉಚಿತವಾಗಿ ಕೊಟ್ಟರು. ಇಂದು ಜಗತ್ತಿನ ಛಾಯಾಗ್ರಾಹಕರೂ ಪತ್ರಾಗಾರಗಳವರೂ ಅದನ್ನು ಬಳಸುತ್ತಾರೆ. ಕಂಪ್ಯೂಟರಿನಲ್ಲಿ ಒಂದು ಸಾಲು ಬರೆದರೆ ಸಾಕು; ಒಂದು ಚಿತ್ರಕ್ಕೋ ಸಾವಿರ ಚಿತ್ರಗಳಿಗೋ ಲೆನ್ಸಿನ ಹೆಸರು, ಸಂಗಮ ದೂರ, ರಂಧ್ರದ ಅಳತೆ ಎಲ್ಲವೂ ಕ್ಷಣಮಾತ್ರದಲ್ಲಿ ಒಳಸೇರುತ್ತವೆ. ಕೆಲಸ ಇಷ್ಟು ಸುಲಭವಾಗಿರುವುದೇ ನಾವು ಯೋಚಿಸಬೇಕಾದ ವಿಷಯ.

ಲೆನ್ಸಿನ ಹೆಸರು ಸರಿಯಿದ್ದರೇನು, ತಪ್ಪಿದ್ದರೇನು, ಚಿತ್ರ ಬದಲಾಗುವುದಿಲ್ಲವಲ್ಲ ಎಂದು ಕೇಳುವವರುಂಟು. ಒಂದು ಲೆಕ್ಕ ಹಾಕಿ ನೋಡೋಣ. ಕ್ಯಾಮೆರಾದೊಳಗಿನ ಫಲಕದ ಮೇಲೆ ವೀರಗಲ್ಲಿನ ಬಿಂಬ 29 ಮಿಲಿಮೀಟರ್ ಎತ್ತರ ಮೂಡಿದೆ ಎನ್ನಿ. ಕಲ್ಲಿಗೂ ಲೆನ್ಸಿಗೂ ನಡುವಣ ದೂರ 2 ಮೀಟರ್. ಅದು ಹಳೆಯ ಲೆನ್ಸಿನ ಕೊರಳ ಮೇಲೆ ಕೆತ್ತಿದ ಅಂಕಿಗಳಿಂದ ತಿಳಿಯುತ್ತದೆ. ಲೆನ್ಸು 58 ಮಿಲಿಮೀಟರಿನದಾದರೆ, 29ನ್ನು 58ರಿಂದ ಭಾಗಿಸಿ 2ರಿಂದ ಗುಣಿಸಿದಾಗ ಕಲ್ಲಿನ ಎತ್ತರ ಸ್ಥೂಲವಾಗಿ 1 ಮೀಟರ್ ಎಂದು ಬರುತ್ತದೆ. ಅದೇ ಚಿತ್ರದ ಬೆನ್ನಿಗೆ ಯಾರೋ 35 ಎಂದು ಬರೆದರೆನ್ನಿ. ಆಗ ಎತ್ತರ 1 ಮೀಟರ್ 66 ಸೆಂಟಿಮೀಟರ್ ಆಗುತ್ತದೆ. ಸೊಂಟದೆತ್ತರದ ಕಲ್ಲು ಕಾಗದದ ಮೇಲೆ ಆಳೆತ್ತರದ ಕಲ್ಲಾಯಿತು! ಪಕ್ಕದಲ್ಲಿ ಅಳತೆಗೋಲನ್ನು ಇರಿಸದೆ ತೆಗೆದ ಚಿತ್ರಗಳಲ್ಲಿ ಕಲ್ಲಿನ ಗಾತ್ರಕ್ಕೆ ಇದಲ್ಲದೆ ಬೇರೆ ಆಧಾರವಿರುವುದಿಲ್ಲ.

ಇಂದಿನ ತಂತ್ರಾಂಶಗಳಂತೂ ಈ ಬರಹವನ್ನು ಕಣ್ಣುಮುಚ್ಚಿ ನಂಬುತ್ತವೆ. ಪ್ರತಿಯೊಂದು ಲೆನ್ಸೂ ನೇರ ಗೆರೆಗಳನ್ನು ತನ್ನದೇ ರೀತಿಯಲ್ಲಿ ಒಂದಿಷ್ಟು ಬಾಗಿಸುತ್ತದೆ. ಯಾವ ಲೆನ್ಸು ಎಷ್ಟು ಬಾಗಿಸುತ್ತದೆ ಎಂಬ ಕೋಷ್ಟಕವನ್ನು ಇಟ್ಟುಕೊಂಡು, ಹೆಸರನ್ನು ಓದಿ, ಬಾಗಿದ್ದನ್ನು ನೆಟ್ಟಗೆ ಮಾಡುವ ತಂತ್ರಾಂಶಗಳಿವೆ. ಹೆಸರು ತಪ್ಪಾದರೆ ದೇವಾಲಯದ ನೆಟ್ಟಗಿರುವ ಕಂಬ ಸೊಟ್ಟಗಾಗುತ್ತದೆ. ಹಲವು ಕಡೆಯಿಂದ ತೆಗೆದ ಚಿತ್ರಗಳನ್ನು ಹೊಂದಿಸಿ ಕಲ್ಲಿನ ಘನರೂಪವನ್ನು ಕಂಪ್ಯೂಟರಿನಲ್ಲಿ ಕಟ್ಟುವ ವಿಧಾನವೂ ಇದೆ. ಅದರ ಲೆಕ್ಕ ಮೊದಲಾಗುವುದು ಸಾಮಾನ್ಯವಾಗಿ ಫೈಲಿನಲ್ಲಿ ಬರೆದ ಸಂಗಮ ದೂರದಿಂದ. ಬೆಂಗಳೂರಿನ ಮಿಥಿಕ್ ಸೊಸೈಟಿ 2021ರಲ್ಲಿ ನಗರದ ಶಾಸನಗಳನ್ನು ಸ್ಕ್ಯಾನರಿನಿಂದ ಮೂರು ಆಯಾಮಗಳಲ್ಲಿ ದಾಖಲಿಸುವ ಕೆಲಸವನ್ನು ಕೈಗೊಂಡಿತು. ಅಂಥ ಸಲಕರಣೆ ಎಲ್ಲ ಊರಿಗೂ ತಲಪುವಂತಿಲ್ಲ. ಹಳ್ಳಿಯ ಕಲ್ಲುಗಳಿಗೆ ಯಾರೋ ಒಬ್ಬ ಆಸಕ್ತನ ಕ್ಯಾಮೆರಾ ಒಂದೇ ಗತಿ.

ಇಲ್ಲಿಗೆ ನನ್ನ ಕಸುಬಿನ ಮಾತು ಬಂತು. ನಮ್ಮ ನುಡಿಯಲ್ಲಿ ಸಂಪಾದನೆ ಎಂಬ ಮಾತಿಗೆ ಎರಡು ಅರ್ಥ. ಒಂದು ಗಳಿಕೆ, ಇನ್ನೊಂದು ಗ್ರಂಥವನ್ನು ತಿದ್ದಿ ಶುದ್ಧಗೊಳಿಸುವಿಕೆ. ಎರಡರಲ್ಲೂ ಪ್ರಾಮಾಣಿಕವಾದದ್ದೂ ಉಂಟು, ಅಲ್ಲದ್ದೂ ಉಂಟು. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ತನ್ನ ಹೆಸರು, ಸಂವತ್ಸರ, ತಿಥಿ, ಯಾರಿಗಾಗಿ ಬರೆದೆನೆಂಬ ವಿವರ ಮುಂತಾದುವನ್ನು ಬರೆದಿಡುವುದುಂಟು. ಗ್ರಂಥಸಂಪಾದಕನಿಗೆ ಆ ನಾಲ್ಕು ಸಾಲು ನಿಧಿಯಿದ್ದಂತೆ. ಕೊನೆಯ ಗರಿ ಮುರಿದುಹೋಗಿದ್ದರೆ ಗ್ರಂಥ ಅನಾಥವಾಗುತ್ತದೆ. ವಾಟ್ಸಾಪಿನಲ್ಲಿ ಕೈಯಿಂದ ಕೈಗೆ ದಾಟುವ ಚಿತ್ರಗಳ ಅವಸ್ಥೆಯೂ ಇದೇ. ಆ ದಾರಿಯಲ್ಲಿ ಬೆನ್ನಿನ ಬರಹ ಕಳಚಿಬೀಳುತ್ತದೆ.

ಮುರಿದ ಅಕ್ಷರವನ್ನು ಸಂಪಾದಕ ತುಂಬಬಾರದೆ? ತುಂಬಬಹುದು, ತುಂಬಲೇಬೇಕು. ಆದರೆ ಶಾಸನ ಸಂಪುಟಗಳನ್ನು ತೆರೆದು ನೋಡಿದವರು ಬಲ್ಲರು: ಕಲ್ಲಿನಲ್ಲಿ ಅಳಿಸಿಹೋಗಿ ಸಂಪಾದಕ ಊಹಿಸಿ ತುಂಬಿದ ಅಕ್ಷರ ಚೌಕ ಕಂಸದೊಳಗೆ ಇರುತ್ತದೆ. ಕಲ್ಲು ನುಡಿದದ್ದು ಯಾವುದು, ಪಂಡಿತ ನುಡಿದದ್ದು ಯಾವುದು ಎಂಬುದು ಓದುಗನಿಗೆ ತಿಳಿದಿರಬೇಕೆಂಬ ಮರ್ಯಾದೆ ಅದು. ಎಕ್ಸಿಫ್ ಪಟ್ಟಿಯಲ್ಲಿ ಇಲ್ಲದಿರುವುದು ಈ ಚೌಕ ಕಂಸವೇ. ಯಂತ್ರ ಬರೆದ 58ಕ್ಕೂ ನಾನು ಬರೆದ 58ಕ್ಕೂ ಅಲ್ಲಿ ಯಾವ ಭೇದವೂ ಇಲ್ಲ. ಮುಂದೆ ಓದುವವನು ಎಲ್ಲವನ್ನೂ ಯಂತ್ರದ ಸಾಕ್ಷ್ಯವೆಂದೇ ತಿಳಿಯುತ್ತಾನೆ. ಇಂದಿನ ನನ್ನ ಮಾತಿನ ತಿರುಳು ಇಷ್ಟೇ: ತಿದ್ದುವುದು ತಪ್ಪಲ್ಲ, ತಿದ್ದಿದ ಗುರುತು ಉಳಿಯದಂತೆ ತಿದ್ದುವುದು ತಪ್ಪು.

ಹಾಗೆಂದು ಯಂತ್ರದ ಬರಹವೆಲ್ಲ ವೇದವಾಕ್ಯವೆಂದೂ ಭಾವಿಸಬೇಕಾಗಿಲ್ಲ. ಜರ್ಮನಿಯ ಲೈಕಾ ಕಂಪನಿ 2006ರಲ್ಲಿ ಎಂ8 ಎಂಬ ಡಿಜಿಟಲ್ ಕ್ಯಾಮೆರಾವನ್ನು ತಂದಾಗ ಲೆನ್ಸಿನ ಬುಡದಲ್ಲಿ ಕಪ್ಪು ಬಿಳುಪಿನ ಆರು ಬೊಟ್ಟುಗಳನ್ನಿಡುವ ಪದ್ಧತಿ ಮಾಡಿತು. ಕ್ಯಾಮೆರಾ ಆ ಬೊಟ್ಟುಗಳನ್ನು ಓದಿ ಲೆನ್ಸಿನ ಹೆಸರನ್ನು ಅರಿಯುತ್ತದೆ. ಆರು ಬೊಟ್ಟುಗಳಿಂದ 64 ಬಗೆಯ ಗುರುತುಗಳು ಸಾಧ್ಯ. ಹಳೆಯ ಲೆನ್ಸುಳ್ಳ ರಸಿಕರು ಮನೆಯಲ್ಲಿಯೇ ಕಪ್ಪು ಶಾಯಿಯ ಪೆನ್ನಿನಿಂದ ಬೊಟ್ಟಿಡುವುದನ್ನು ಕಲಿತರು. ಬೇರೊಂದು ಲೆನ್ಸಿನ ಬೊಟ್ಟಿಟ್ಟರೆ ಕ್ಯಾಮೆರಾ ಅದನ್ನೇ ನಂಬಿ ಬರೆಯುತ್ತದೆ. ಆ ಕ್ಯಾಮೆರಾಗಳಲ್ಲಿ ಲೆನ್ಸಿನ ರಂಧ್ರದ ಅಳತೆ ನೇರವಾಗಿ ತಿಳಿಯುವ ಏರ್ಪಾಡಿಲ್ಲದ ಕಾರಣ, ಹೊರಗಿನ ಬೆಳಕನ್ನೂ ಒಳಗಿನ ಬೆಳಕನ್ನೂ ಹೋಲಿಸಿ ಅಂದಾಜಿನಿಂದ ಅಂಕಿ ಬರೆಯುವ ಕ್ರಮವೂ ಇದೆ. ಯಂತ್ರವೂ ಊಹಿಸುತ್ತದೆ ಎಂದಾಯಿತು. ಇನ್ನೊಂದು ತೊಡಕುಂಟು: ಒಂದು ಕಂಪನಿಯ ಕ್ಯಾಮೆರಾಕ್ಕೆ ಹೊಂದುವಂತೆ ಬೇರೆ ಕಂಪನಿಗಳು ತಯಾರಿಸಿದ ಲೆನ್ಸುಗಳು ಎಷ್ಟೋ ವೇಳೆ ಮೂಲ ಕಂಪನಿಯ ಲೆನ್ಸಿನ ಗುರುತುಸಂಖ್ಯೆಯನ್ನೇ ಹೇಳಿಕೊಳ್ಳುತ್ತವೆ. ಒಂದು ಸಂಖ್ಯೆಗೆ ನಾಲ್ಕಾರು ಹಕ್ಕುದಾರರು. ನಾಗವರ್ಮನೆಂಬ ಹೆಸರು ಕಂಡಾಗ ಛಂದೋಂಬುಧಿಯ ನಾಗವರ್ಮನೋ ಕಾವ್ಯಾವಲೋಕನದ ನಾಗವರ್ಮನೋ ಎಂದು ಸಾಹಿತ್ಯ ಚರಿತ್ರಕಾರ ಪಡುವ ಪಾಡನ್ನೇ ಇಲ್ಲಿ ತಂತ್ರಾಂಶವೂ ಪಡುತ್ತದೆ. ಇಂಥಲ್ಲಿ ಬಲ್ಲವರ ತಿದ್ದುಪಡಿ ಬರಹವನ್ನು ಸತ್ಯಕ್ಕೆ ಹತ್ತಿರ ತರುತ್ತದೆ.

ತಿದ್ದುಪಡಿಗೂ ಕೃತ್ರಿಮಕ್ಕೂ ನಡುವಣ ಅಂತರ ನಮ್ಮ ಶಾಸನಶಾಸ್ತ್ರಕ್ಕೆ ಹೊಸದಲ್ಲ. ಬಿ. ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕದ ಮೊದಲ ಸಂಪುಟ 1886ರಲ್ಲಿ ಹೊರಬಂತು. ಗಂಗರ ಹೆಸರಿನ ತಾಮ್ರಪಟಗಳನ್ನು ಕುರಿತು ಅವರಿಗೂ ಜೆ. ಎಫ್. ಫ್ಲೀಟ್ ಅವರಿಗೂ ದೀರ್ಘವಾದ ವಾದ ನಡೆಯಿತು. ಅವುಗಳಲ್ಲಿ ಅನೇಕವು ಕೂಟಶಾಸನಗಳೆಂದು ಫ್ಲೀಟ್ ತಳ್ಳಿಹಾಕಿದರು; ರೈಸ್ ಅವುಗಳ ಪರವಾಗಿ ನಿಂತರು. ಇಂಥ ಪರೀಕ್ಷೆಯಲ್ಲಿ ಕೇಳುವ ಪ್ರಶ್ನೆಗಳು ಸರಳ: ಹೇಳಿದ ಕಾಲಕ್ಕೆ ಈ ಲಿಪಿ ಇತ್ತೆ? ತಿಥಿ ವಾರಗಳು ಹೊಂದುತ್ತವೆಯೆ? ಚಿತ್ರದ ಬೆನ್ನಿನ ಬರಹಕ್ಕೂ ಇವೇ ಪ್ರಶ್ನೆಗಳು. 2009ರಲ್ಲಿ ತೆಗೆದೆನೆಂಬ ಚಿತ್ರದಲ್ಲಿ ಹತ್ತು ವರ್ಷ ಈಚೆಗೆ ಮಾರುಕಟ್ಟೆಗೆ ಬಂದ ಲೆನ್ಸಿನ ಹೆಸರಿದ್ದರೆ, ಅಗ್ಗದ ಲೆನ್ಸಿನ ಮಸುಕಿಗೆ ದುಬಾರಿ ಲೆನ್ಸಿನ ಹೆಸರು ಅಂಟಿದ್ದರೆ, ಹೆಸರೇ ಬರೆದವನ ಗುಟ್ಟನ್ನು ಬಿಟ್ಟುಕೊಡುತ್ತದೆ.

ಈ ವಿಚಾರ ನನ್ನ ಮಟ್ಟಿಗೆ ಕೈಕೆಲಸವಾಗಿ ಬಂದದ್ದು ಹೀಗೆ. ಯಾವ ಕಲ್ಲು, ಯಾವ ಲೆನ್ಸು, ಎಷ್ಟು ದೂರ ಎಂಬುದನ್ನು ಸ್ಥಳದಲ್ಲಿಯೇ ನೋಟುಬುಕ್ಕಿನಲ್ಲಿ ಬರೆದುಕೊಳ್ಳುವುದು ನನ್ನ ಪದ್ಧತಿ. ಒಂದು ಮಳೆಗಾಲದ ಸುತ್ತಾಟದಲ್ಲಿ ಹೊಳೆ ದಾಟುವಾಗ ಕೆಲವು ಹಾಳೆಗಳು ನೆನೆದು ಶಾಯಿ ಹರಡಿತು. 43 ಚಿತ್ರಗಳಿಗೆ ದೂರದ ಅಂಕಿಗಳು ಉಳಿದುವು; ಲೆನ್ಸಿನ ಅಂಕಣ ಮಾತ್ರ ಅಳಿಸಿಹೋಯಿತು. ಆ ದಿನಗಳಲ್ಲಿ ಚೀಲದಲ್ಲಿ ಎರಡೂ ಲೆನ್ಸುಗಳಿದ್ದುವು. ಕಂಪ್ಯೂಟರ್ ಕೆಲಸದಲ್ಲಿ ನೆರವಾಗುತ್ತಿದ್ದ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, “ಸಾರ್, ನೀವು ಹೆಚ್ಚಾಗಿ ಬಳಸೋದು 58ರದ್ದು ತಾನೆ? ಎಲ್ಲಕ್ಕೂ ಅದನ್ನೇ ತುಂಬಿಬಿಡ್ತೀನಿ, ಒಂದು ನಿಮಿಷದ ಕೆಲಸ” ಎಂದ. “ಅಲ್ಲಪ್ಪಾ, ಒಂದು ನಿಮಿಷದಲ್ಲಿ ಬರೆದದ್ದನ್ನು ಅಳಿಸೋಕೆ ಮುಂದೆ ಯಾರಿಗೂ ಆಗೋದಿಲ್ಲ. ಅದು ಊಹೆ ಅನ್ನೋದೇ ಯಾರಿಗೂ ಗೊತ್ತಾಗೋದಿಲ್ಲವಲ್ಲ” ಎಂದೆ.

ಇಬ್ಬರೂ ಮತ್ತೆ ಆ ಊರುಗಳಿಗೆ ಹೋದೆವು. ಚಿತ್ರದಲ್ಲಿ ಮುಂದಿನ ಕಲ್ಲಿನ ಅಂಚು ಹಿಂದಿನ ಕಂಬದ ಅಂಚನ್ನು ಎಲ್ಲಿ ಮರೆಮಾಡಿದೆಯೋ, ಅದೇ ರೀತಿ ಮರೆಮಾಡುವ ಜಾಗ ಸಿಗುವತನಕ ಹಿಂದಕ್ಕೂ ಮುಂದಕ್ಕೂ ನಡೆದು ನಿಂತೆವು. ಈ ಮರೆಯ ಲೆಕ್ಕ ನಿಂತ ಜಾಗವನ್ನು ಅವಲಂಬಿಸಿದೆಯೇ ಹೊರತು ಲೆನ್ಸನ್ನಲ್ಲ. ಅಲ್ಲಿ ನಿಂತು ಎರಡು ಲೆನ್ಸುಗಳಲ್ಲೂ ನೋಡಿದರೆ ಹಳೆಯ ಚಿತ್ರದ ಚೌಕಟ್ಟಿಗೆ ಹೊಂದುವುದು ಒಂದೇ. ಹೀಗೆ 23 ಚಿತ್ರಗಳ ಲೆನ್ಸು ನಿಸ್ಸಂದೇಹವಾಗಿ ತಿಳಿಯಿತು. ಗ್ರಂಥಸಂಪಾದನೆಯಲ್ಲಿ ಬಾಹ್ಯ ಸಾಕ್ಷ್ಯವೆನ್ನುವುದು ಇಂಥದನ್ನೇ. ಇನ್ನು 9 ಚಿತ್ರಗಳಲ್ಲಿ ಹಿನ್ನೆಲೆಯ ಎಲೆಗಳು ನೀರಿನ ಸುಳಿಯಂತೆ ತಿರುಗಿ ಕಾಣುತ್ತಿದ್ದುವು. ಹೀಲಿಯಾಸ್ ಲೆನ್ಸಿನ ರಂಧ್ರವನ್ನು ಅಗಲವಾಗಿ ತೆರೆದರೆ ಬರುವ, ಅದನ್ನು ಬಳಸಿದವರೆಲ್ಲ ಬಲ್ಲ ಲಕ್ಷಣ ಅದು. ಇದು ಆಂತರಿಕ ಸಾಕ್ಷ್ಯ. ಅಲ್ಲಿ 58 ಎಂದು ಬರೆದು, ಷರಾ ಮನೆಯಲ್ಲಿ ‘ಲಕ್ಷಣದಿಂದ ಊಹಿಸಿದ್ದು’ ಎಂದು ಸೇರಿಸಿದೆವು. ಉಳಿದ 11 ಚಿತ್ರಗಳಿಗೆ ಯಾವ ಆಧಾರವೂ ದೊರೆಯಲಿಲ್ಲ. ಅವುಗಳ ಮನೆಯನ್ನು ಖಾಲಿಯಾಗಿಯೇ ಬಿಟ್ಟೆವು.

ಈ ಕೆಲಸಕ್ಕೆ ಕೂತವರು ಅನುಸರಿಸಬಹುದಾದ ಕ್ರಮ ಕಷ್ಟದ್ದಲ್ಲ. ಎಕ್ಸಿಫ್‌ಟೂಲಿನ ಒಂದು ಸದ್ಗುಣವನ್ನು ಮೊದಲು ಹೇಳಬೇಕು. ನಾವು ಬೇಡವೆಂದು ಹೇಳದ ಹೊರತು, ತಿದ್ದುವ ಮೊದಲಿನ ಫೈಲನ್ನು ಅದು ‘ಒರಿಜಿನಲ್’ ಎಂಬ ಬಾಲ ಸೇರಿಸಿ ಪಕ್ಕದಲ್ಲಿ ಉಳಿಸಿಡುತ್ತದೆ. ಮೂಲಪ್ರತಿಯನ್ನು ನಾಶಮಾಡದಿರುವುದು ಸಂಪಾದಕನ ಮೊದಲ ಧರ್ಮ. ಜಾಗ ಉಳಿಸುವ ಆತುರದಲ್ಲಿ ಆ ಪ್ರತಿಗಳನ್ನು ಅಳಿಸಬಾರದು. ಎರಡನೆಯದಾಗಿ, ಅಡೋಬಿ ಕಂಪನಿ 2001ರಲ್ಲಿ ರೂಪಿಸಿದ ಎಕ್ಸ್.ಎಂ.ಪಿ. ಎಂಬ ಕ್ರಮದಲ್ಲಿ, ಚಿತ್ರದ ಫೈಲನ್ನು ಮುಟ್ಟದೆ, ಸೇರಿಸಬೇಕಾದುದನ್ನು ಪಕ್ಕದ ಪುಟ್ಟ ಫೈಲಿನಲ್ಲಿ ಬರೆದಿಡಬಹುದು. ಮೂಲ ಪಾಠ ಮೇಲೆ, ಸಂಪಾದಕನ ಮಾತು ಅಡಿಟಿಪ್ಪಣಿಯಲ್ಲಿ ಎಂಬ ನಮ್ಮ ಪದ್ಧತಿಗೆ ಇದು ಒಪ್ಪುತ್ತದೆ. ಫೈಲಿನೊಳಗೇ ಬರೆಯುವುದಾದರೆ, ಯಾರು, ಯಾವ ದಿನ, ಯಾವ ಆಧಾರದಿಂದ ಬರೆದರೆಂಬ ಒಂದು ಸಾಲನ್ನು ಷರಾ ಮನೆಯಲ್ಲಿ ಸೇರಿಸಬೇಕು. ಚೌಕ ಕಂಸದ ಕೆಲಸವನ್ನು ಆ ಒಂದು ಸಾಲು ಮಾಡುತ್ತದೆ.

ಈಚೆಗೆ ಯಂತ್ರಗಳೂ ಮುದ್ರೆಯೊತ್ತಲು ಕಲಿತಿವೆ. ತಾಮ್ರಪಟಗಳ ಬಳೆಗೆ ರಾಜಮುದ್ರೆ ಹಾಕುತ್ತಿದ್ದಂತೆ, ಚಿತ್ರ ತೆಗೆದ ಕ್ಷಣದಲ್ಲಿಯೇ ಫೈಲಿಗೆ ಗಣಿತದ ಮುದ್ರೆಯೊತ್ತುವ ಕ್ಯಾಮೆರಾವನ್ನು ಲೈಕಾ ಕಂಪನಿ 2023ರಲ್ಲಿ ಹೊರತಂದಿತು. ಆ ಬಳಿಕ ಯಾರಾದರೂ ಗುಟ್ಟಾಗಿ ತಿದ್ದಿದರೆ ಮುದ್ರೆ ಒಡೆದದ್ದು ತಿಳಿಯುತ್ತದೆ. ನಮ್ಮ ದೇಶದಲ್ಲಿ 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೆಯ ಪ್ರಕರಣದಲ್ಲಿಯೂ, ಡಿಜಿಟಲ್ ದಾಖಲೆಯೊಡನೆ ಸಲ್ಲಿಸುವ ಪ್ರಮಾಣಪತ್ರದಲ್ಲಿ ಅದರ ಹ್ಯಾಷ್ ಎಂಬ ಗಣಿತದ ಗುರುತನ್ನು ಬರೆಯುವ ಏರ್ಪಾಡಿದೆ. ಇವೆಲ್ಲ ಸ್ವಾಗತಾರ್ಹ. ಆದರೆ ಮುದ್ರೆ ಹೇಳುವುದು, ಒತ್ತಿದ ಮೇಲೆ ಏನೂ ಬದಲಾಗಿಲ್ಲ ಎಂಬುದನ್ನು ಮಾತ್ರ. ಒತ್ತುವ ಮೊದಲೇ ತಪ್ಪು ಹೆಸರು ಒಳಹೊಕ್ಕಿದ್ದರೆ, ಮುದ್ರೆ ಆ ತಪ್ಪನ್ನೇ ಜೋಪಾನವಾಗಿ ಕಾಯುತ್ತದೆ. ಮೂಕ ಲೆನ್ಸಿನ ಪರವಾಗಿ ಮಾತನಾಡಬೇಕಾದ ಹೊಣೆ ಎಂದಿನಂತೆ ಮನುಷ್ಯನ ಮೇಲೆಯೇ ಉಳಿಯುತ್ತದೆ.

ಖಾಲಿ ಬಿಟ್ಟ ಆ 11 ಚಿತ್ರಗಳಲ್ಲಿ ಒಂದು, ದಾರಿಯ ಬದಿಯಲ್ಲಿ ನಿಂತಿದ್ದ ವೀರಗಲ್ಲಿನದು. ಮೂರು ಪಟ್ಟಿಕೆಗಳು, ಕೆಳಗೆ ತುರುಗಳ ಸಾಲು, ಮೇಲೆ ಅಪ್ಸರೆಯರ ನಡುವೆ ವೀರ. ನಾವು ಎರಡನೆಯ ಸಲ ಹೋದಾಗ ರಸ್ತೆ ಅಗಲವಾಗಿತ್ತು, ಕಲ್ಲು ಇರಲಿಲ್ಲ. ಎಲ್ಲಿಗೆ ಸಾಗಿಸಿದರೆಂದು ಊರಿನವರಾರೂ ಹೇಳಲಾರದೆ ಹೋದರು. ಅಂಥ ಮೂರು ಪಟ್ಟಿಕೆಯ ಕಲ್ಲುಗಳು ಆ ಸೀಮೆಯಲ್ಲಿ ಹತ್ತಾರಿವೆ. ಮಳೆಗಾಳಿಗೆ ಸವೆದ ಮೇಲೆ ಒಂದರಂತೆ ಇನ್ನೊಂದು ಕಾಣುತ್ತದೆ. ನಾಳೆ ಯಾರದೋ ಹಿತ್ತಿಲಿನಲ್ಲೋ ಕೆರೆಯ ಏರಿಯಲ್ಲೋ ಅದು ದೊರೆತೀತು. ದೊರೆತವರು ನನ್ನ ಚಿತ್ರವನ್ನು ತೆಗೆದು, ಬೆನ್ನಿನ ಅಂಕಿಗಳಿಂದ ಎತ್ತರವನ್ನು ಲೆಕ್ಕಹಾಕಿ, ಕಲ್ಲಿಗೆ ಹೋಲಿಸಿ ನೋಡಿಯಾರು. ಆ ಮನೆಯಲ್ಲಿ ನಾವು ಅಂದಾಜಿನ 58ನ್ನು ತುಂಬಿಟ್ಟು, ನಿಜವಾದ ಲೆನ್ಸು 35ರದಾಗಿದ್ದರೆ, ಎತ್ತರ ಹೊಂದಲಿಲ್ಲವೆಂದು ಅದೇ ಕಲ್ಲನ್ನು ಅವರು ಬದಿಗೆ ಸರಿಸುತ್ತಿದ್ದರು. ಮನೆ ಖಾಲಿಯಿರುವುದರಿಂದ ಅವರು ಎರಡು ಲೆಕ್ಕಗಳನ್ನೂ ಹಾಕಿ ನೋಡುತ್ತಾರೆ. ಅಷ್ಟು ಶ್ರಮ ಅವರಿಗೆ ತಪ್ಪಿದ್ದಲ್ಲ. ಆದರೆ ಕಲ್ಲು ಅವರ ಕೈತಪ್ಪುವುದಿಲ್ಲ.